ಎಮ್ಮೆಯದೆಂದು ಹೇಳಿ ತಂದ ಬುರುಡೆ

ಇದರಲ್ಲಿ ಕೆಲವು ವಿವರಗಳು ತಪ್ಪಾಗಿರಬಹುದು. ನಾನು ಮೊಟ್ಟಮೊದಲು ಬೆಳ್ಳಗೆ ಮಾಡಿದ್ದು ಆಡಿನ ಬುರುಡೆ ಎಂದು ಇಷ್ಟು ವರ್ಷ ಎಲ್ಲರಿಗೂ ಹೇಳುತ್ತ ಬಂದೆ. ಮೊನ್ನೆ ಹಳೆಯ ನೋಟ್‌ಬುಕ್ ತೆಗೆದು ನೋಡಿದರೆ ಅಲ್ಲಿ ನನ್ನದೇ ಅಕ್ಷರದಲ್ಲಿ 'ಕುರಿ' ಎಂದಿದೆ. ಎಲುಬು ನೋಡಿ ಕುರಿಯೋ ಆಡೋ ಎಂದು ಹೇಳುವುದೇ ವೃತ್ತಿಯಾಗಿದ್ದವಳು ತನ್ನ ಮೊದಲ ಎಲುಬನ್ನೇ ತಪ್ಪಾಗಿ ನೆನಪಿಟ್ಟುಕೊಂಡಿದ್ದಾಳೆ ಎಂದರೆ, ಉಳಿದದ್ದನ್ನೂ ನೀವು ತುಸು ಅನುಮಾನದಿಂದ ಓದುವುದು ಒಳ್ಳೆಯದು. ನೋಟ್‌ಬುಕ್ಕಿನಲ್ಲಿ ಇರುವುದನ್ನು ಅಲ್ಲಿಂದಲೇ ತೆಗೆದುಕೊಂಡಿದ್ದೇನೆ. ಮಾತುಕತೆಗಳು ನೆನಪಿನವು.

ಈಗ ಈ ಕೆಲಸಕ್ಕೆ ಬರುತ್ತಿರುವ ಹುಡುಗಿಯರು ಫೋನು ಮಾಡಿ ಯಾವ ದ್ರಾವಣ, ಎಷ್ಟು ದಿನ ಎಂದು ಕೇಳುತ್ತಾರೆ. ಅದನ್ನು ಹೇಳುತ್ತೇನೆ. ಆದರೆ ಈ ಕೆಲಸವನ್ನು ಮನೆಯಲ್ಲಿ ಮಾಡಬೇಕು, ಮನೆಯಲ್ಲಿ ಜನ ಇರುತ್ತಾರೆ. ಆ ಭಾಗವನ್ನು ಯಾರೂ ಕೇಳುವುದಿಲ್ಲ. ನನಗೆ ಕಷ್ಟವಾದದ್ದು ಅದೇ.

ಧಾರವಾಡದಲ್ಲಿ ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಮದುವೆಯಾಗಿ ಡೊಂಬಿವಲಿಗೆ ಬಂದೆ. ಕಲ್ಯಾಣದ ಒಂದು ಕಾಲೇಜಿನಲ್ಲಿ ಲ್ಯಾಬ್ ಅಸಿಸ್ಟೆಂಟ್ ಆದೆ. ವಿಭಾಗದ ಮುಖ್ಯಸ್ಥೆ ಸಾಠೆ ಮೇಡಂ. ಅವರ ಕಪಾಟಿನಲ್ಲಿದ್ದ ಬುರುಡೆಗಳು ಹಲ್ಲುದುರಿ, ಹಳದಿಯಾಗಿ, ವಾರ್ನಿಶಿನಿಂದ ಅಂಟಂಟಾಗಿದ್ದವು. "ನೀನು ಹೊಸದು ಮಾಡಿಕೊಡುತ್ತೀಯಾ?" ಎಂದು ಮರಾಠಿಯಲ್ಲಿ ಕೇಳಿದರು. ವಾರಗಟ್ಟಲೆ ಬಕೆಟ್ಟಿನಲ್ಲಿ ಎಲುಬು ನೆನೆಯಿಡಲು ಲ್ಯಾಬಿನಲ್ಲಿ ಜಾಗವಿರಲಿಲ್ಲ. ನಮ್ಮ ಮನೆಗೆ ಒಂದು ಗ್ಯಾಲರಿ, ಅಂದರೆ ಬಾಲ್ಕನಿ, ಇತ್ತು. ಹೂಂ ಅಂದುಬಿಟ್ಟೆ.

ಆ ಗ್ಯಾಲರಿ ನನ್ನದಲ್ಲ, ನಮ್ಮ ಅತ್ತೆಯವರದು ಎನ್ನುವುದು ಮನೆಗೆ ಬಂದ ಮೇಲೆ ಹೊಳೆಯಿತು. ನಮ್ಮದು ಮಾಂಸ ಮುಟ್ಟದ ಲಿಂಗಾಯತ ಮನೆ. ಅತ್ತೆಯವರನ್ನು ನಾನು ಅವ್ವಾರ ಎನ್ನುತ್ತೇನೆ. ಗದಗಿನ ಕಡೆಯವರು, ತವರಿನಲ್ಲಿ ಎರಡು ಜೋಡಿ ಎತ್ತು ಇದ್ದ ಮನೆ. ಬೆಳಿಗ್ಗೆ ಸ್ನಾನ, ಲಿಂಗಪೂಜೆ, ಹಣೆಗೆ ವಿಭೂತಿ, ಆಮೇಲೆ ಚಹಾ. ನಾನು ಕೆಲಸಕ್ಕೆ ಹೋದಾಗ ಮಗಳನ್ನು ನೋಡಿಕೊಳ್ಳುತ್ತಿದ್ದವರು ಅವರೇ. ವಿಷಯ ಹೇಳಿದೆ. ಅವರು ಕೈಯಲ್ಲಿದ್ದ ಹುರುಳಿಕಾಯಿಯ ನಾರು ಬಿಡಿಸುವುದನ್ನು ನಿಲ್ಲಿಸಲಿಲ್ಲ.

"ಕಲತ ವಿದ್ಯಾ, ಮಾಡು. ಬ್ಯಾಡ ಅನ್ನೂದಿಲ್ಲ. ಅಡಗಿಮನಿ ಹೊಸ್ತಲಾ ದಾಟಬಾರದು. ವಾಸನಿ ನನ್ನ ಮೂಗಿಗೆ ಬರಬಾರದು. ಮತ್ತ ಬಸವಣ್ಣ ಬ್ಯಾಡ. ಎತ್ತಾಗಲಿ ಆಕಳಾಗಲಿ ಈ ಮನಿಯೊಳಗ ಬರಬಾರದು. ಬಂದ ದಿನ ನಾ ನನ್ನ ಲಿಂಗದ ಕರಡಿಗಿ ತಗೊಂಡು ಊರಿಗೆ ಹೊಂಟೆ. ಆಮ್ಯಾಲ ಕರಿಯಾಕ ಬರಬ್ಯಾಡ್ರಿ."

ನಮ್ಮವರು ಪೇಪರಿನ ಹಿಂದಿನಿಂದ, "ಅವ್ವಗೂ ನಾ ಏನೂ ಹೇಳೂದಿಲ್ಲ, ನಿನಗೂ ಹೇಳೂದಿಲ್ಲ" ಎಂದರು. ಆ ಮಾತನ್ನು ಇವತ್ತಿನವರೆಗೂ ಉಳಿಸಿಕೊಂಡಿದ್ದಾರೆ.

ಅವ್ವಾರ ಹೋದರೆ ಮಗಳನ್ನು ನೋಡುವವರಿಲ್ಲ, ಹಾಗಾಗಿ ನನ್ನ ನೌಕರಿಯೂ ಇಲ್ಲ, ಬುರುಡೆಯೂ ಇಲ್ಲ. ಹೀಗೆ ಆ ಮೂರು ಮಾತುಗಳ ಮೇಲೆ ನನ್ನ ಕೆಲಸ ನಿಂತಿತ್ತು.

ಮೊದಲು ಮಾಡಿದ ತಪ್ಪುಗಳನ್ನು ಹೇಳಬೇಕು. ಪುಸ್ತಕದಲ್ಲಿ ಬರೆದದ್ದನ್ನು ನಂಬಿ ಬುರುಡೆಗಳನ್ನು ಕುದಿಸಿದೆ. ಮಾಂಸವೇನೋ ಬೇಗ ಬಿಟ್ಟಿತು. ಬೆಳ್ಳಗೆ ಮಾಡಿ ಒಣಗಿಸಿ ಕಪಾಟಿಗಿಟ್ಟೆ. ಎರಡು ತಿಂಗಳಲ್ಲಿ ಎಲುಬಿನ ಒಳಗಿನಿಂದ ಹಳದಿ ಜಿಡ್ಡು ಮೇಲೆ ಬಂತು. ಮತ್ತೆ ಕುದಿಸಿದೆ. ಇನ್ನಷ್ಟು ಹಳದಿಯಾಯಿತು. ನಾನು ಗ್ಯಾಲರಿಯಲ್ಲಿ ಸ್ಟೋವಿನ ಮುಂದೆ ಕೂತಿರುವುದನ್ನು ಅವ್ವಾರ ಒಳಗಿನಿಂದಲೇ, ಈ ಕಡೆ ನೋಡದೆ, ಗಮನಿಸುತ್ತಿದ್ದರು.

"ಎಣ್ಣಿ ಹತ್ತಿದ ಅರಿವಿ ಯಾರರೆ ಕುದಿಸ್ತಾರೇನ? ಕಲೆ ಒಳಗ ಕೂಡತದ. ಉಗುರು ಬೆಚ್ಚಗಿನ ನೀರಾಗ ಸಬಕಾರ ಹಾಕಿ ಇಡು. ದಿನಾ ನೀರು ಚೆಲ್ಲು, ಹೊಸಾದು ಹಾಕು. ಅವಸರ ಮಾಡಬ್ಯಾಡ."

"ಇದು ಅರಿವಿ ಅಲ್ಲರಿ ಅವ್ವಾರ, ಎಲುಬು."

"ಜಿಡ್ಡಿಗೇನ ಗೊತ್ತಾಗತದ?"

ಅವರು ಹೇಳಿದಂತೆ ಮಾಡಿದೆ. ಮೀನಿನ ತೊಟ್ಟಿಯಲ್ಲಿ ನೀರು ಬೆಚ್ಚಗಿಡುವ ಸಣ್ಣ ಹೀಟರ್ ತಂದು ಬಕೆಟ್ಟಿಗೆ ಬಿಟ್ಟೆ. ಸಾಬೂನಿನ ನೀರು ಮೊದಲ ದಿನ ಮಜ್ಜಿಗೆಯಂತಾಯಿತು. ಹದಿನೆಂಟನೆಯ ದಿನ ತಿಳಿಯಾಯಿತು. ಅಲ್ಲಿಂದೀಚೆಗೆ ನನ್ನ ಕೈಯಿಂದ ಹೋದ ಒಂದು ಬುರುಡೆಯೂ ಹಳದಿಯಾಗಿಲ್ಲ. ಹೊರದೇಶದ ಪರಿಣತರು ಬರೆದ ಇದೇ ವಿಧಾನವನ್ನು ಬಹಳ ವರ್ಷಗಳ ನಂತರ ಓದಿದೆ. ನನಗೆ ಅದನ್ನು ಕಲಿಸಿದ್ದು ಹುರುಳಿಕಾಯಿ ಬಿಡಿಸುತ್ತಿದ್ದವರು.

ಎರಡನೆಯ ತಪ್ಪು ನಾಯಿಯದು. ನಮ್ಮ ಕಟ್ಟಡದ ಸೊಸಾಯಿಟಿಯ ನೀರಿನ ಟ್ಯಾಂಕು ತೊಳೆಯಲು ತಂದ ಬ್ಲೀಚಿಂಗ್ ಪೌಡರ್ ಉಳಿದಿತ್ತು. ನಾಯಿಯ ಬುರುಡೆಯೊಂದನ್ನು ಅದರಲ್ಲಿ ಮುಳುಗಿಸಿದೆ. ಸಂಜೆಯ ಹೊತ್ತಿಗೆ ಸುಣ್ಣದಷ್ಟು ಬಿಳಿ. ಹೆಮ್ಮೆಯಿಂದ ಒಯ್ದು ಕೊಟ್ಟೆ. ಮಳೆಗಾಲ ಮುಗಿಯುವುದರೊಳಗೆ, ಪ್ರಾಕ್ಟಿಕಲ್ ನಡೆಯುತ್ತಿದ್ದಾಗ ವಿದ್ಯಾರ್ಥಿನಿಯೊಬ್ಬಳ ಹೆಬ್ಬೆರಳು ಮೂಗಿನ ಎಲುಬನ್ನು ತೂರಿ ಒಳಗೆ ಹೋಯಿತು. ಮೇಜಿನ ಮೇಲೆ ಬಿಳಿ ಹುಡಿ. ಸಾಠೆ ಮೇಡಂ ಕನ್ನಡಕ ತೆಗೆದು ನೋಡಿ, "ವಿಜಯಾ, ಹಾ ಕುತ್ರಾ ದುಸರ್‍ಯಾಂದಾ ಮೇಲಾ" ಎಂದರು. ಈ ನಾಯಿ ಎರಡನೆಯ ಸಲ ಸತ್ತಿತು ಎಂದು. ತರಗತಿಯೆಲ್ಲ ನಕ್ಕಿತು. ಬ್ಲೀಚಿಂಗ್ ಪೌಡರ್ ಎಲುಬನ್ನು ತಿನ್ನುತ್ತದೆ. ಬೆಳ್ಳಗಾಗಲು ಹೈಡ್ರೋಜನ್ ಪೆರಾಕ್ಸೈಡ್ ಬೇಕು, ನೀರು ಬೆರೆಸಿ, ಕೈಗವಸು ಹಾಕಿಕೊಂಡು. ಅದನ್ನಿಟ್ಟ ಡಬ್ಬಿಯ ಮುಚ್ಚಳ ಬಿಗಿ ಮಾಡಬೇಡಿ. ಒಮ್ಮೆ ನನ್ನದು ಉಬ್ಬಿ ಹಾರಿ, ಮೇಲಿನ ಮನೆಯವರ ಒಣಹಾಕಿದ ಚಾದರದ ಮೇಲೆ ಬಿದ್ದಿತ್ತು.

ವಾಸನೆಯ ವಿಷಯದಲ್ಲಿ ಎಷ್ಟೇ ಜಾಗ್ರತೆ ಮಾಡಿದರೂ ಬೇಸಿಗೆಯಲ್ಲಿ ಒಂದೆರಡು ದಿನ ತಪ್ಪುತ್ತಿರಲಿಲ್ಲ. ಒಂದು ಭಾನುವಾರ ಸೊಸಾಯಿಟಿಯ ಸೆಕ್ರೆಟರಿ ಬಾಗಿಲಿಗೆ ಬಂದು, "ವಹಿನಿ, ಕಸಲಾ ವಾಸ ಯೇತೋಯ್?" ಅದೆಂಥ ವಾಸನೆ ಬರುತ್ತಿದೆ ಎಂದು ಕೇಳಿದರು. ಅವ್ವಾರ ನನ್ನ ಹಿಂದಿನಿಂದ ಬಂದು, ಸೆರಗು ಸರಿಮಾಡಿಕೊಂಡು, ತಮಗೆ ಬರುತ್ತಿದ್ದ ಅಷ್ಟೇ ಹಿಂದಿಯಲ್ಲಿ, "ಕಂಪನಿ ಸೆ ಆತಾ ಹೈ. ರೋಜ್ ಆತಾ ಹೈ" ಎಂದರು. ರಾಸಾಯನಿಕ ಕಾರ್ಖಾನೆಗಳ ಡೊಂಬಿವಲಿಯಲ್ಲಿ ಆ ಮಾತನ್ನು ಯಾರೂ ಅಲ್ಲಗಳೆಯುವುದಿಲ್ಲ. ಸೆಕ್ರೆಟರಿ ಹೋದ ಮೇಲೆ ಅವ್ವಾರ ನನ್ನ ಕಡೆ ತಿರುಗಿದರು. "ನನ್ನ ಮೂಗಿಗೂ ಬಂದದ. ನಾಳಿ ಬೆಳಗ ಆಗೂದ್ರೊಳಗ ನೀರು ಬದಲಿಸು."

ಸಾಠೆ ಮೇಡಂ ನನಗೆ ಕಲಿಸಿದ್ದು ಒಂದೇ ಪಾಠ, ಆದರೆ ಅದು ದೊಡ್ಡದು. ಒಮ್ಮೆ ಒಂದೇ ಬಕೆಟ್ಟಿನಲ್ಲಿ ಎರಡು ಬುರುಡೆ ನೆನೆಯಿಟ್ಟೆ. ಹಲ್ಲುಗಳು ಕಳಚಿ ಬೆರೆತವು. ಒಂದು ಹಲ್ಲು ಎಲ್ಲಿಯೂ ಕೂಡದಿದ್ದಾಗ ಬೇರೊಂದನ್ನು ತುಸು ಉಜ್ಜಿ ಅಂಟಿಸಿದೆ. ಮೇಡಂ ನೋಡಿದ ಕೂಡಲೇ ಹಿಡಿದರು. "ತುಟಲೇಲಂ ಚಾಲೇಲ್, ಖೋಟಂ ಚಾಲಣಾರ್ ನಾಹೀ." ಒಡೆದದ್ದು ನಡೆಯುತ್ತದೆ, ಸುಳ್ಳು ನಡೆಯುವುದಿಲ್ಲ. ಆ ಹಲ್ಲನ್ನು ಕಿತ್ತು ಅಲ್ಲಿ ಖಾಲಿ ಗುಂಡಿಯನ್ನೇ ಬಿಟ್ಟೆ. ಆಮೇಲೆ ಪ್ರತಿ ಬುರುಡೆಗೂ ತರಕಾರಿ ತರುವಂಥ ಬೇರೆ ಬೇರೆ ಬಲೆಚೀಲ, ನೀರು ಚೆಲ್ಲುವಾಗ ಚಹಾ ಸೋಸುವ ಜರಡಿ, ಮತ್ತು ಬುರುಡೆಯ ಕೆಳಗೆ ಒಂದು ಚೀಟಿ. ಯಾವ ಪ್ರಾಣಿ, ಎಲ್ಲಿಯದು, ಏನು ಕಾಣೆಯಾಗಿದೆ, ನಾನು ಏನು ಸೇರಿಸಿದ್ದೇನೆ. ಬೇರೆ ಕಾಲೇಜುಗಳಿಂದ ನನ್ನನ್ನು ಹುಡುಕಿಕೊಂಡು ಬಂದದ್ದು ಬಿಳುಪಿಗಲ್ಲ, ಆ ಚೀಟಿಗೆ. ಇದನ್ನು ಹೇಳಲು ನನಗೆ ಸಂಕೋಚವಿಲ್ಲ.

ಇನ್ನು ಎತ್ತಿನ ವಿಷಯ.

ಕಾಲೇಜಿನಲ್ಲಿದ್ದ ಎತ್ತಿನ ಬುರುಡೆ ಕೈತಪ್ಪಿ ಬಿದ್ದು ಚೂರಾಗಿತ್ತು. ಕಲ್ಯಾಣದ ಆಚೆಯ ಹಳ್ಳಿಯಲ್ಲಿ ಮುಪ್ಪಿನಿಂದ ಸತ್ತ ಎತ್ತೊಂದರ ತಲೆಯನ್ನು, ಪಶುವೈದ್ಯರ ಚೀಟಿಯೊಂದಿಗೆ ತಂದು, ಕಾಲೇಜಿನ ಹಿತ್ತಲಲ್ಲೇ ಹೂತಿದ್ದರು. ವರ್ಷ ಕಳೆದಿತ್ತು. ಒಂದು ತಿಂಗಳ ನಂತರ ತಪಾಸಣೆಯ ಸಮಿತಿ ಬರುವುದಿತ್ತು. ಮೇಡಂ ಅಗೆಸಿ, ಗೋಣಿಚೀಲದಲ್ಲಿ ಕಟ್ಟಿ, "ನೀನೇ ಮಾಡಬೇಕು" ಎಂದರು. ಮನೆಯಲ್ಲಿ ಆಗುವುದಿಲ್ಲ ಎಂದು ಹೇಳಬಹುದಿತ್ತು. ಮೇಡಂ ಬಲವಂತ ಮಾಡುವವರಲ್ಲ. ನಾನು ಹೇಳಲಿಲ್ಲ. ಅಷ್ಟು ದೊಡ್ಡ, ಅಷ್ಟು ಪೂರ್ತಿಯಾದ ಬುರುಡೆ ಅದುವರೆಗೆ ನನ್ನ ಕೈಗೆ ಬಂದಿರಲಿಲ್ಲ. ಅದನ್ನು ಬೇರೆಯವರು ಮಾಡುವುದು ನನಗೆ ಬೇಡವಾಗಿತ್ತು. ನಿಜ ಅದು.

ರಿಕ್ಷಾದಲ್ಲಿ ತರುವ ಮೊದಲು ಕೊಂಬಿನ ಮೇಲಿನ ಕವಚಗಳನ್ನು ಎಳೆದು ಬೇರೆ ಮಾಡಿದೆ. ವರ್ಷ ಮಣ್ಣಿನಲ್ಲಿದ್ದದ್ದಕ್ಕೆ ಸುಲಭವಾಗಿ ಬಂದವು. ಅವನ್ನು ಪೇಪರಿನಲ್ಲಿ ಸುತ್ತಿ ಬೇರೆ ಚೀಲದಲ್ಲಿ ತಂದು, ಆಮೇಲೆ ಮನೆಯ ಅಟ್ಟದ ಟ್ರಂಕಿನ ಹಿಂದಿಟ್ಟೆ. ಕೊಂಬಿನ ಆಕಾರ ಕಂಡರೆ ಯಾವ ಒಕ್ಕಲುತನದ ಮನೆಯ ಮಗಳಿಗಾದರೂ ಎತ್ತೋ ಎಮ್ಮೆಯೋ ಗೊತ್ತಾಗುತ್ತದೆ. ಕವಚವಿಲ್ಲದೆ ಒಳಗಿನ ಗೂಟವನ್ನಷ್ಟೇ ನೋಡಿ ಹೇಳುವುದು ಕಷ್ಟ ಎಂದುಕೊಂಡಿದ್ದೆ.

"ಏನ್ ತಂದೀಯವಾ, ಇಷ್ಟು ದೊಡ್ಡದು?" ಅವ್ವಾರ ಬಾಗಿಲಲ್ಲೇ ಇದ್ದರು.

"ಎಮ್ಮೀದ್ರಿ ಅವ್ವಾರ."

ಅವರು ಗೋಣಿಚೀಲವನ್ನು ನೋಡಿದರು. "ಭಾರ ಇರಬೇಕು. ಬಾಗಿ ಎತ್ತಬ್ಯಾಡ, ಸೊಂಟ ಹಿಡದೀತು" ಎಂದು ಒಳಗೆ ಹೋದರು.

ಇಲ್ಲಿ ನನ್ನ ನೆನಪನ್ನು ನಾನೇ ಎಷ್ಟೋ ಸಲ ಪ್ರಶ್ನಿಸಿದ್ದೇನೆ. 'ಎಮ್ಮೀದ್ರಿ' ಎಂದು ನಾನಾಗಿ ಹೇಳಿದೆನೋ, 'ಎಮ್ಮೀದೇನು?' ಎಂದು ಅವರು ಕೇಳಿದ್ದಕ್ಕೆ ಹೂಂ ಎಂದೆನೋ? ಎರಡನೆಯದಾಗಿದ್ದರೆ ನನ್ನ ತಪ್ಪು ತುಸು ಹಗುರವಾಗುತ್ತಿತ್ತು. ಅದಕ್ಕೇ ಅದನ್ನು ನಂಬುವುದಿಲ್ಲ.

ಅದೇ ತಿಂಗಳು ಘಣಸೋಲಿಯ ಶೇಖರಣ್ಣನ ಕೊಂಬಿನ ಕೆಲಸ ಬಂತು. ಉಡುಪಿ ಕಡೆಯವರು, ಹೋಟೆಲ್ ಇಟ್ಟಿದ್ದರು. ಮನೆಯ ಗೋಡೆಯಲ್ಲಿದ್ದ ಕಡವೆಯ ಕೊಂಬಿನ ಹಲಗೆ ಗೆದ್ದಲು ಹಿಡಿದಿತ್ತು. ಜಿಂಕೆ, ಕಡವೆಯ ಕೊಂಬಿನ ಕೆಲಸಕ್ಕೆ ಅರಣ್ಯ ಇಲಾಖೆಯ ಪರವಾನಗಿ ಬೇಕು. ನಾನು ತೆಗೆದುಕೊಂಡಿದ್ದೆ. ಕೊಂಬಿನವರ ಹತ್ತಿರ ಮಾಲೀಕತ್ವದ ಪ್ರಮಾಣಪತ್ರವೂ ಇರಬೇಕು. ಅದಿಲ್ಲದೆ ಬಂದವರನ್ನು ಚಹಾ ಕೊಟ್ಟು ಕಳಿಸಿದ್ದೇನೆ. ನೀವೂ ಹಾಗೇ ಮಾಡಿ. ಶೇಖರಣ್ಣನ ಹತ್ತಿರ ಎಲ್ಲ ಕಾಗದ ಇತ್ತು, ಜೊತೆಗೆ ಒಂದು ಕತೆಯೂ ಇತ್ತು.

"ಅಕ್ಕ, ಇದು ಕೊಂದದ್ದಲ್ಲ ಮಾರಾಯ್ರೆ. ನಮ್ಮ ಅಜ್ಜ ಕಾಡಿನಲ್ಲಿ ಬಿದ್ದದ್ದನ್ನು ಹೆಕ್ಕಿದ್ದು. ಅಜ್ಜ ಇರುವೆಯನ್ನೂ ದಾಟಿ ನಡೆಯುವ ಜನ."

ಅವರ ಮನೆಯಲ್ಲೇ ಕೂತು ಹಳೆಯ ಪ್ಲಾಸ್ಟರ್ ಬಿಡಿಸಿದೆ. ತಾನಾಗಿ ಉದುರಿದ ಕೊಂಬಿನ ಬುಡ ಒರಟಾಗಿ, ಉಬ್ಬಾಗಿ ಮುಗಿದಿರುತ್ತದೆ. ಇಲ್ಲಿ ಎರಡೂ ಕೊಂಬು ಒಂದೇ ತಲೆಯೋಡಿನ ತುಂಡಿಗೆ ಕೂಡಿಕೊಂಡಿದ್ದವು, ಅಂಚಿನಲ್ಲಿ ಗರಗಸದ ಗೀರು. ಶೇಖರಣ್ಣನನ್ನು ಕರೆದು ತೋರಿಸಿದೆ. ಅವರು ಆ ಗೀರಿನ ಮೇಲೆ ಬೆರಳಾಡಿಸಿದರು.

"ಹಾಗಾದ್ರೆ ಕೊಂದದ್ದಾ?"

"ಕೊಂದದ್ದೋ, ಸತ್ತದ್ದು ಸಿಕ್ಕಿದ್ದೋ, ಅದನ್ನು ಎಲುಬು ಹೇಳೋದಿಲ್ಲ. ಉದುರಿದ್ದಂತೂ ಅಲ್ಲ. ತಲೆಯಿಂದ ಕೊಯ್ದದ್ದು. ಹಲಗೆಯ ಹಿಂದೆ ನಾನು ಹಾಗೇ ಬರೀತೀನಿ."

"ಹಿಂದೆ ಬರೀರಿ ಅಕ್ಕ. ಗೋಡೆ ಓದ್ತದೆ. ಅಮ್ಮನ ಹತ್ರ ಮಾತ್ರ ಹೇಳುದು ಬೇಡ."

ಬರೆದೆ. ತೇಗದ ಹೊಸ ಹಲಗೆ, ಹಿಂದಿನಿಂದ ಎರಡು ಸ್ಕ್ರೂ. ಕೊಂಬಿಗೆ ಪೆರಾಕ್ಸೈಡ್ ತಾಗಿಸಲಿಲ್ಲ, ತಾಗಿದರೆ ಅದರ ಕಂದು ಹೋಗುತ್ತದೆ. ಗೋಡೆಗೆ ಹಾಕುವ ಮೊದಲು ನೆಲದ ಮೇಲಿಟ್ಟು, ಎದುರು ಕೂತು, ಕಡವೆ ತಲೆ ಎತ್ತಿದಾಗ ಇರುವ ಓರೆ ಬರುವವರೆಗೆ ತಿರುಗಿಸಿದೆ. ಒಳ್ಳೆಯ ಕೆಲಸ. ಠಾಣೆಯಲ್ಲಿ ಗಾಡಿ ಬದಲಿಸಿ ಡೊಂಬಿವಲಿಗೆ ಬರುವಾಗ, ಹೆಂಗಸರ ಡಬ್ಬಿಯ ನೂಕಾಟದಲ್ಲಿ ನಿಂತು, ಒಬ್ಬ ಮನುಷ್ಯನ ಅಜ್ಜನ ಕತೆಯನ್ನು ಇಷ್ಟು ಧೈರ್ಯವಾಗಿ ಕೆಡವಿದೆನಲ್ಲ ಎಂದುಕೊಂಡೆ. ನನ್ನ ಗ್ಯಾಲರಿಯಲ್ಲಿ ಬಸವಣ್ಣ ಸಾಬೂನಿನ ನೀರಿನಲ್ಲಿ ನೆನೆಯುತ್ತಿದ್ದ. ಮನೆಗೆ ಹೋಗಿ ಹೇಳಿಬಿಡಬೇಕು ಎಂದು ನಿಶ್ಚಯಿಸಿದೆ. ಮನೆಯಲ್ಲಿ ಅವ್ವಾರ ಮಗಳಿಗೆ ಜೋಳದ ರೊಟ್ಟಿಯ ತುಂಡು ಮಾಡಿ ತಿನ್ನಿಸುತ್ತಿದ್ದರು. ಹೇಳಲಿಲ್ಲ.

ಎತ್ತು ಚೆನ್ನಾಗಿ ಬಂತು. ಮಣ್ಣಿನ ಕಂದು ಬಿಡಿಸಲು ಪೆರಾಕ್ಸೈಡಿನಲ್ಲಿ ಮೂರು ಸರದಿ ಬೇಕಾಯಿತು. ಗ್ಯಾಲರಿಯ ನೆರಳಿನಲ್ಲಿ, ತೆಳು ಬಟ್ಟೆ ಹೊದಿಸಿ, ನಾಲ್ಕು ದಿನ ಒಣಗಿಸಿದೆ. ಎಲುಬನ್ನು ಬಿಸಿಲಿಗಿಟ್ಟರೆ ಸೀಳುತ್ತದೆ. ಕೊನೆಯ ಕೆಲಸ ಲೇಪ. ಮೊದಲು ವಾರ್ನಿಶ್ ಹಚ್ಚುತ್ತಿದ್ದರು, ಅದು ಹಳದಿಯಾಗುತ್ತದೆ. ನಾನು ಬಡಗಿಗಳ ಬಿಳಿ ಗೋಂದಿಗೆ ಮೂರು ಪಾಲು ನೀರು ಬೆರೆಸಿ ತೆಳ್ಳಗೆ ಎರಡು ಸಲ ಹಚ್ಚುತ್ತೇನೆ. ಒಣಗಿದಾಗ ಕಾಣುವುದಿಲ್ಲ, ಆದರೆ ಎಲುಬಿನ ರಂಧ್ರಗಳು ಮುಚ್ಚಿ ಗಟ್ಟಿಯಾಗುತ್ತದೆ.

ಶನಿವಾರ ಮಧ್ಯಾಹ್ನ ಮೂತಿಯಿಂದ ಶುರುಮಾಡಿ ಹಣೆಗೆ ಬಂದೆ. ಬ್ರಷ್ಷಿನ ಹಿಂದೆ ಬೂದು ಬಣ್ಣ ಮೂಡಿತು. ಜಿಡ್ಡು ಮೇಲೆ ಬಂತು ಎಂದುಕೊಂಡೆ. ಬಗ್ಗಿ ನೋಡಿದೆ. ಎರಡು ಕಣ್ಣುಗುಳಿಗಳ ಮೇಲೆ, ಹಣೆಗೆ ಅಡ್ಡಲಾಗಿ, ಮೂರು ಗೆರೆ. ಒಣಗಿದ ಬಿಳಿ ಎಲುಬಿನ ಮೇಲೆ ಏನೂ ಕಂಡಿರಲಿಲ್ಲ. ಒದ್ದೆಯಾದಾಗ ಕಂಡಿತು. ಬ್ರಷ್ ಮೂಗಿನ ಹತ್ತಿರ ಹಿಡಿದೆ. ವಿಭೂತಿ.

ನಾನೇ ಬೆಳಿಗ್ಗೆ ವಿಭೂತಿ ಹಚ್ಚಿಕೊಂಡ ಕೈಯಿಂದ ಮುಟ್ಟಿದ್ದೆನೇ ಎಂದು ಆಗಲೇ ಯೋಚಿಸಿದೆ, ಈಗಲೂ ಯೋಚಿಸುತ್ತೇನೆ. ಆದರೆ ಕೈ ತಾಗಿದ್ದು ಕಲೆಯಾಗುತ್ತದೆ. ಇವು ಮೂರು ಬೆರಳಿನ ಗೆರೆಗಳು, ಸಮ ಅಂತರ, ಎಡದಿಂದ ಬಲಕ್ಕೆ, ಒಂದೇ ಸಲಕ್ಕೆ ಎಳೆದದ್ದು. ಅಷ್ಟು ಸ್ಥಿರವಾದ ಕೈ ನಮ್ಮ ಮನೆಯಲ್ಲಿ ಒಬ್ಬರದೇ.

ಬ್ರಷ್ ಕೆಳಗಿಟ್ಟೆ. ಬೆಚ್ಚಗಿನ ನೀರಿಗೆ ಹಾಕಿದರೆ ಹಸಿ ಲೇಪ ಬಿಡುತ್ತದೆ, ಬೂದಿಯೂ ಹೋಗುತ್ತದೆ, ಸಮಿತಿ ಬರುವುದು ಸೋಮವಾರ, ಸಮಯವಿತ್ತು. ಶುದ್ಧ ಮಾದರಿ ಎಂದರೆ ಹಾಗೇ ಮಾಡಬೇಕು. ಆ ದಿನ ನೋಟ್‌ಬುಕ್ಕಿನಲ್ಲಿ ಇಷ್ಟೇ ಇದೆ: 'ಎತ್ತು. ಮೊದಲ ಲೇಪ. ಹಣೆಯಲ್ಲಿ ತುಸು ಬೂದು. ಹಾಗೇ ಬಿಟ್ಟೆ.' ಮರುದಿನ ಅದರ ಮೇಲೆಯೇ ಎರಡನೆಯ ಲೇಪ ಹಚ್ಚಿ, ಅಟ್ಟದಿಂದ ಕೊಂಬಿನ ಕವಚ ಇಳಿಸಿ ಕೂಡಿಸಿದೆ. ಈ ಸಲ ಪಡಸಾಲೆಯಲ್ಲೇ, ಅವ್ವಾರ ಎದುರಿಗೇ. ಅವರು ಕಿಟಕಿಯ ಹತ್ತಿರ ಕೂತು ಬತ್ತಿ ಹೊಸೆಯುತ್ತಿದ್ದರು. ಕೊಂಬು ಕೂಡಿಸಿದ ಮೇಲೆ ಅದು ಏನೆಂದು ಯಾರಿಗೂ ಹೇಳಬೇಕಾಗಿರಲಿಲ್ಲ. ಅವರು ತಲೆ ಎತ್ತಲಿಲ್ಲ. ನಾನು ಬಾಯಿ ತೆರೆಯಲಿಲ್ಲ.

ಸೋಮವಾರ ಕಾಲೇಜಿನಲ್ಲಿ ಸಾಠೆ ಮೇಡಂ ಹಣೆಯ ಮೇಲೆ ಬೆರಳಿಟ್ಟು, ಇದೇನು ಎಂದರು. ಇದ್ದದ್ದನ್ನು ಹೇಳಿದೆ. ಚೀಟಿ ತಿರುಗಿಸಿ ಓದಿದರು. 'ಹಣೆಯ ಮೇಲಿನ ಮೂರು ಗೆರೆ ವಿಭೂತಿ, ಲೇಪದ ಕೆಳಗೆ. ತಯಾರಕರ ಮನೆಯವರು ಹಚ್ಚಿದ್ದು.' "ರಾಹೂ ದೇ," ಇರಲಿ ಬಿಡು ಎಂದರು. ಸಮಿತಿಯವರು ಆ ಕಪಾಟಿನ ಮುಂದೆ ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಂತರು. ಇಷ್ಟು ವರ್ಷದಲ್ಲಿ ಬಹಳಷ್ಟು ಮಾಡಿದ್ದೇನೆ, ಅದಕ್ಕಿಂತ ಒಳ್ಳೆಯದನ್ನು ಮಾಡಿಲ್ಲ. ಈಗಲೂ ಅಲ್ಲಿದೆ, ಒಂದಿಷ್ಟೂ ಹಳದಿಯಾಗಿಲ್ಲ.

ಆ ಸಂಜೆ ಖಾಲಿ ಕೈಯಲ್ಲಿ ಮನೆಗೆ ಬಂದೆ. ಲಿಂಗದ ಕರಡಿಗೆ ದೇವರ ಮಾಡದಲ್ಲೇ ಇತ್ತು. ಅವ್ವಾರ ಚಪ್ಪಲಿ ಬಾಗಿಲ ಹತ್ತಿರವೇ ಇದ್ದವು.

"ಎಮ್ಮಿ ಹೋತೇನು?" ಎಂದು ಕೇಳಿದರು.

"ಹೋತ್ರಿ."

"ಛಲೋ ಆತು. ಕೈ ತೊಳಕೋ."

ಆಮೇಲೆ ಅವರು ಆ ಮಾತು ಎತ್ತಲಿಲ್ಲ. ನಾನು ಇನ್ನೊಂದು ಎತ್ತನ್ನು ಮನೆಗೆ ತರಲಿಲ್ಲ. ಕೇಳಿ ಬಂದವರಿಗೆ ಮನೆಯಲ್ಲಿ ನಡೆಯುವುದಿಲ್ಲ ಎಂದು ನೇರವಾಗಿ ಹೇಳಿದೆ, ಮತ್ತು ಯಾರೂ ಅದಕ್ಕಾಗಿ ನನ್ನನ್ನು ಬಿಟ್ಟುಹೋಗಲಿಲ್ಲ.

ಈಗ ನಾವು ಕಾಮೋಠೆಯಲ್ಲಿದ್ದೇವೆ. ಅವ್ವಾರಿಗೆ ತೊಂಬತ್ತು ದಾಟಿದೆ, ಕಿವಿ ಕಣ್ಣು ಎರಡೂ ಚೆನ್ನಾಗಿವೆ. ಕಳೆದ ವಾರ ಇದನ್ನು ಬರೆಯಲು ಕೂತಾಗ, ಅವರಿಗೆ ಗೊತ್ತಾದದ್ದು ಮೊದಲ ದಿನವೋ ಕೊನೆಯ ದಿನವೋ ಎಂದು ಕೇಳಬೇಕೆಂದುಕೊಂಡೆ. ಹತ್ತಿರ ಹೋಗಿ ಕೂತಾಗ ಅದು ಮುಖ್ಯವೆನಿಸಲಿಲ್ಲ. ಕೇಳಿದ್ದು ಬೇರೆಯದು. ಅವರು ನನ್ನ ಮುಖ ನೋಡಿದರು, ಕೈ ಹಿಡಿದು ಪೆರಾಕ್ಸೈಡಿಗೆ ಒರಟಾದ ಬೆರಳುಗಳನ್ನು ಒಂದೊಂದಾಗಿ ಸವರಿದರು, ಆಮೇಲೆ ಕಿಟಕಿಯ ಕಡೆ ತಿರುಗಿದರು. ಎಂಟು ದಿನವಾಯಿತು, ಉತ್ತರ ಬಂದಿಲ್ಲ. ಅವರಿಗೆ ಕೇಳಿಸಿದೆ ಎಂಬುದು ನನಗೆ ಗೊತ್ತು. ನಾನು ಕೇಳಿದ್ದು ಇದು:

"ಅವ್ವಾರ, ನಾ ಮೊದಲನೇ ದಿನಾನೇ ಖರೇ ಹೇಳಿ, ಇದು ಎತ್ತಿಂದು, ತರ್ಲೇನ್ರಿ ಅಂತ ಕೇಳಿದ್ದರ, ನೀವು ಹೂಂ ಅಂತಿದ್ರೇನ್ರಿ?"